14 ಪಂಪು, ಒಂದು ಬ್ಲಾಕ್: ಸ್ವಂತ ಫಂಕ್ಷನ್ ಬ್ಲಾಕ್ ಮಾಡಿಕೊಳ್ಳೋದು ಸರಿಯಾ?

ಪ್ರಶ್ನೆ: ನಾನು ಪೀಣ್ಯದ ಒಂದು ಸಣ್ಣ ಪ್ಯಾನೆಲ್ ಕಂಪನಿಯಲ್ಲಿ ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಕೈಗಾರಿಕಾ ಕಂಪ್ಯೂಟರ್) ಪ್ರೋಗ್ರಾಂ ಬರೆಯುತ್ತೇನೆ. ಡಿಪ್ಲೊಮಾ ಮುಗಿಸಿ ಮೂರು ವರ್ಷ ಆಯ್ತು. ಕಳೆದ ವರ್ಷ ಒಂದು ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ಸೀಮೆನ್ಸ್‌ನ ಎಸ್7-1200 ಪಿಎಲ್‌ಸಿ ಹಾಕಿ 14 ಪಂಪುಗಳ ಲಾಜಿಕ್ ಮಾಡಿದೆ. ಮೊದಲ ಪಂಪಿಗೆ ಲ್ಯಾಡರ್ (ಏಣಿಯ ಹಾಗೆ ಕಾಣುವ ಪ್ರೋಗ್ರಾಂ) ಬರೆದು, ಉಳಿದ 13ಕ್ಕೂ ಅದನ್ನೇ ಕಾಪಿ ಮಾಡಿ ಟ್ಯಾಗ್, ಅಂದರೆ ಸಿಗ್ನಲ್‌ಗಳ ಹೆಸರು, ಬದಲಿಸಿದೆ. ಎರಡು ತಿಂಗಳ ನಂತರ ಒಂದು ರಾತ್ರಿ 9ನೇ ಪಂಪಿನ ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೊಡುವ ವಿದ್ಯುತ್ ಸ್ವಿಚ್) ಎಳೆಯಲಿಲ್ಲ. ಅಲಾರಾಂ ಬರಲೇ ಇಲ್ಲ. ಬಾವಿ ತುಂಬಿ ರಸ್ತೆಗೆ ಹರಿಯಿತು. ಹುಡುಕಿದಾಗ 9ನೇ ಪಂಪಿನ ರಂಗ್‌ನಲ್ಲಿ (ಲ್ಯಾಡರ್‌ನ ಒಂದು ಮೆಟ್ಟಿಲು) 7ನೇ ಪಂಪಿನ ಟೈಮರ್ ಹಾಗೇ ಉಳಿದಿತ್ತು. ಇನ್ನು ಮೇಲೆ ಸ್ವಂತ ಫಂಕ್ಷನ್ ಬ್ಲಾಕ್ (ಒಮ್ಮೆ ಬರೆದು ಎಲ್ಲ ಪಂಪಿಗೂ ಬಳಸುವ ಲಾಜಿಕ್) ಮಾಡೋಣ ಅಂದರೆ ನಮ್ಮ ಸೀನಿಯರ್ ಒಪ್ಪುತ್ತಿಲ್ಲ. ಸ್ಕ್ಯಾನ್ ಟೈಮ್ (ಪಿಎಲ್‌ಸಿ ಇಡೀ ಪ್ರೋಗ್ರಾಂ ಒಂದು ಸಲ ಓಡಿಸುವ ಹೊತ್ತು) ಜಾಸ್ತಿ ಆಗುತ್ತೆ, ಸೈಟಿನ ಎಲೆಕ್ಟ್ರಿಷಿಯನ್‌ಗೆ ಅರ್ಥ ಆಗಲ್ಲ, ಬ್ಲಾಕಿನಲ್ಲಿ ತಪ್ಪಿದ್ದರೆ 14 ಪಂಪೂ ಕೆಡುತ್ತೆ ಅಂತಾರೆ. ಮಾಲೀಕರು, ಮಾಡೋದಾದರೆ ಪಾಸ್‌ವರ್ಡ್ ಹಾಕಿ ಅಂತಾರೆ. ಈಗ ರಾಕ್‌ವೆಲ್ (ಇನ್ನೊಂದು ಕಂಪನಿಯ ಪಿಎಲ್‌ಸಿ) ಕೆಲಸವೂ ಬರುತ್ತಿದೆ. ಒಮ್ಮೆ ಮಾಡಿದ ಬ್ಲಾಕ್ ಅಲ್ಲೂ ನಡೆಯುತ್ತಾ? ನಾನು ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಅಲಾರಾಂ ಯಾಕೆ ಬರಲಿಲ್ಲ ಅಂತ ನೋಡೋಣ. ನೀವು ಕೇಳಿದ್ದಕ್ಕೆಲ್ಲ ಉತ್ತರ ಅಲ್ಲಿಂದಲೇ ಶುರುವಾಗುತ್ತೆ.

ಪ್ರತಿ ಪಂಪಿಗೂ ನೀವು ಒಂದು ಟೈಮರ್ ಇಟ್ಟಿದ್ದೀರಿ. ಕಮಾಂಡ್ ಹೋಗಿದೆ, ಫೀಡ್‌ಬ್ಯಾಕ್ (ಕಾಂಟ್ಯಾಕ್ಟರ್ ಎಳೆದಿದೆ ಅನ್ನುವ ವಾಪಸ್ ಸಿಗ್ನಲ್) ಬಂದಿಲ್ಲ ಅಂದರೆ ಟೈಮರ್ ಎಣಿಸಬೇಕು. ಮೂರು ಸೆಕೆಂಡ್ ಆದರೆ ಅಲಾರಾಂ. ಆ ರಾತ್ರಿ 7ನೇ ಪಂಪು ಚೆನ್ನಾಗಿ ಓಡುತ್ತಿತ್ತು ಅಂದುಕೊಳ್ಳಿ. ಅದರ ಫೀಡ್‌ಬ್ಯಾಕ್ ಇದೆ, ಹಾಗಾಗಿ 7ರ ರಂಗ್ ಟೈಮರ್‌ಗೆ ಸೊನ್ನೆ ಕೊಡುತ್ತೆ. ಟೈಮರ್ ರೀಸೆಟ್ ಆಗುತ್ತೆ. ಅದೇ ಸ್ಕ್ಯಾನ್‌ನಲ್ಲಿ ಸ್ವಲ್ಪ ಕೆಳಗೆ 9ರ ರಂಗ್ ಬರುತ್ತೆ. ಅದು ಅದೇ ಟೈಮರ್‌ಗೆ ಒಂದು ಕೊಡುತ್ತೆ. ಟೈಮರ್ ಸೊನ್ನೆಯಿಂದ ಎಣಿಸಲು ಶುರು ಮಾಡುತ್ತೆ. ಮುಂದಿನ ಸ್ಕ್ಯಾನ್ ಬಂತು. 7ರ ರಂಗ್ ಮತ್ತೆ ರೀಸೆಟ್ ಮಾಡಿತು. ಹೀಗೆ ಸೆಕೆಂಡಿಗೆ ನೂರಾರು ಸಲ. ಬೆಳಗಿನವರೆಗೆ ಕಾದರೂ ಆ ಟೈಮರ್ ಮೂರು ಸೆಕೆಂಡ್ ಮುಟ್ಟುವುದಿಲ್ಲ.

ಕಮಿಷನಿಂಗ್‌ನಲ್ಲಿ (ಸೈಟಿನಲ್ಲಿ ಮೊದಲ ಸಲ ಓಡಿಸಿ ನೋಡುವಾಗ) ಇದು ಯಾಕೆ ಸಿಕ್ಕಿಬೀಳಲಿಲ್ಲ ಅಂದರೆ, ಎಲ್ಲ ಪಂಪೂ ಸರಿಯಾಗಿ ಶುರುವಾದಾಗ ಈ ತಪ್ಪು ಕಾಣುವುದೇ ಇಲ್ಲ. ಇದು ನಿಮ್ಮ ಅಜಾಗರೂಕತೆ ಅಂತ ನಾನು ಹೇಳಲ್ಲ. 13 ಸಲ ಕಾಪಿ ಮಾಡಿ, ಪ್ರತಿ ಸಲ ಹತ್ತು ಹನ್ನೆರಡು ಹೆಸರು ಬದಲಿಸಿದರೆ ಒಂದಾದರೂ ತಪ್ಪುತ್ತೆ. ಯಾರ ಕೈಯಲ್ಲಾದರೂ ತಪ್ಪುತ್ತೆ.

ಹಾಗಾಗಿ ನನ್ನ ಉತ್ತರ: ಬ್ಲಾಕ್ ಮಾಡಿ. ಟೈಪಿಂಗ್ ಉಳಿಯುತ್ತೆ ಅನ್ನೋದು ಅದರ ಸಣ್ಣ ಲಾಭ. ರಾತ್ರಿ ಎರಡು ಗಂಟೆಗೆ ಪ್ಯಾನೆಲ್ ಬಾಗಿಲು ತೆಗೆಯುವ ಎಲೆಕ್ಟ್ರಿಷಿಯನ್‌ಗೆ 14 ಪಂಪಿನಲ್ಲೂ ಒಂದೇ ರೀತಿ, ಒಂದೇ ಹೆಸರಿನಲ್ಲಿ ವಿಷಯ ಕಾಣುತ್ತೆ ಅನ್ನೋದೇ ದೊಡ್ಡ ಲಾಭ. ಅವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಬ್ಲಾಕ್ ಒಳ್ಳೆಯದಾಗುತ್ತೆ. ನಮ್ಮ ಜಾಣ್ಮೆ ತೋರಿಸಲು ಮಾಡಿದ್ದು ಆಗಲ್ಲ.

ಪಾಸ್‌ಬುಕ್ ಲೆಕ್ಕ

ಬ್ಯಾಂಕಿನಲ್ಲಿ ಬಡ್ಡಿಯ ನಿಯಮ ಎಲ್ಲರಿಗೂ ಒಂದೇ. ಪಾಸ್‌ಬುಕ್ ಮಾತ್ರ ಒಬ್ಬೊಬ್ಬರಿಗೆ ಬೇರೆ. ಫಂಕ್ಷನ್ ಬ್ಲಾಕ್ ಅಂದರೆ ನಿಯಮ. ಅದರ ಇನ್‌ಸ್ಟೆನ್ಸ್ ಅಂದರೆ ಪಾಸ್‌ಬುಕ್. ಸೀಮೆನ್ಸ್‌ನ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್ ಟಿಐಎ ಪೋರ್ಟಲ್‌ನಲ್ಲಿ ಇದನ್ನು ಇನ್‌ಸ್ಟೆನ್ಸ್ ಡೇಟಾ ಬ್ಲಾಕ್ ಅಂತಾರೆ. ಪಂಪು ಓಡುತ್ತಿದೆಯಾ, ಎಷ್ಟು ಗಂಟೆ ಓಡಿದೆ, ಟೈಮರ್ ಎಲ್ಲಿವರೆಗೆ ಎಣಿಸಿದೆ, ಎಲ್ಲ ಅಲ್ಲಿ ಇರುತ್ತೆ. ಮುಂದಿನ ಸ್ಕ್ಯಾನ್‌ಗೂ ಉಳಿಯುತ್ತೆ. ಫಂಕ್ಷನ್‌ಗೆ, ಅಂದರೆ ಎಫ್‌ಸಿಗೆ, ಪಾಸ್‌ಬುಕ್ ಇಲ್ಲ. ಅದು ಕ್ಯಾಲ್ಕುಲೇಟರ್ ಇದ್ದ ಹಾಗೆ. ಕೇಳಿದ್ದಕ್ಕೆ ಲೆಕ್ಕ ಹೇಳಿ ಮರೆತುಬಿಡುತ್ತೆ. 4ರಿಂದ 20 ಮಿಲಿಆಂಪಿಯರ್ ಸಿಗ್ನಲ್ ಅನ್ನು ಮೀಟರ್‌ಗೆ ಬದಲಿಸಲು ಎಫ್‌ಸಿ ಸಾಕು. ಮೋಟಾರಿಗೆ ನೆನಪು ಬೇಕು, ಹಾಗಾಗಿ ಎಫ್‌ಬಿ, ಅಂದರೆ ಫಂಕ್ಷನ್ ಬ್ಲಾಕ್, ಬೇಕು.

ನಿಮ್ಮಲ್ಲಿ ಆಗಿದ್ದು ಏನು ಅಂತ ಈಗ ಗೊತ್ತಾಯ್ತಲ್ಲ? 7 ಮತ್ತು 9 ಒಂದೇ ಪಾಸ್‌ಬುಕ್‌ನಲ್ಲಿ ಬರೆಯುತ್ತಿದ್ದವು.

ಇಲ್ಲಿ ಒಂದು ಗುಂಡಿ ಇದೆ. ಬ್ಲಾಕ್ ಮಾಡುವ ಹೊಸಬರು ಬಹಳ ಜನ ಇದರಲ್ಲಿ ಬೀಳುತ್ತಾರೆ. ನಿಮ್ಮ ಎಫ್‌ಬಿ ಒಳಗೆ ಟೈಮರ್ ಎಳೆದು ಹಾಕಿದ ತಕ್ಷಣ ಸಾಫ್ಟ್‌ವೇರ್ ಒಂದು ಪ್ರಶ್ನೆ ಕೇಳುತ್ತೆ: ಸಿಂಗಲ್ ಇನ್‌ಸ್ಟೆನ್ಸ್ ಬೇಕಾ, ಮಲ್ಟಿ ಇನ್‌ಸ್ಟೆನ್ಸ್ ಬೇಕಾ ಅಂತ. ಸುಮ್ನೆ ಓಕೆ ಒತ್ತಿ ಸಿಂಗಲ್ ಆಯ್ಕೆ ಆಗಿಹೋದರೆ, ಆ ಟೈಮರ್ ಬ್ಲಾಕಿನ ಹೊರಗೆ ಒಂದೇ ಒಂದು ಡೇಟಾ ಬ್ಲಾಕ್‌ನಲ್ಲಿ ಕೂರುತ್ತೆ. ಆಮೇಲೆ 14 ಪಂಪೂ ಅದನ್ನೇ ಹಂಚಿಕೊಳ್ಳುತ್ತವೆ. ಎರಡು ಪಂಪಿಗೆ ಇದ್ದ ನಿಮ್ಮ ಹಳೆ ಕಾಯಿಲೆ ಎಲ್ಲಕ್ಕೂ ಬರುತ್ತೆ. ಮಲ್ಟಿ ಇನ್‌ಸ್ಟೆನ್ಸ್ ಅಂತಲೇ ಆರಿಸಿ. ಆಗ ಟೈಮರ್ ಎಫ್‌ಬಿಯ ಸ್ಟ್ಯಾಟಿಕ್ (ನೆನಪು ಉಳಿಯುವ) ಭಾಗಕ್ಕೆ ಸೇರಿ, ಪ್ರತಿ ಪಂಪಿನ ಪಾಸ್‌ಬುಕ್ ಒಳಗೆ ಅದರದ್ದೇ ಟೈಮರ್ ಬರುತ್ತೆ. ಬ್ಲಾಕ್ ಒಳಗೆ ಎಂ ಬಿಟ್ (ಇಡೀ ಪ್ರೋಗ್ರಾಂ ಹಂಚಿಕೊಳ್ಳುವ ಮೆಮೊರಿ ಬಿಟ್), ನೇರ ಇನ್‌ಪುಟ್ ವಿಳಾಸ, ಗ್ಲೋಬಲ್ ಟ್ಯಾಗ್ ಯಾವುದೂ ಬೇಡ ಅನ್ನುವುದಕ್ಕೂ ಕಾರಣ ಇದೇ. ಬ್ಲಾಕಿಗೆ ಬೇಕಾದ್ದೆಲ್ಲ ಪಿನ್ (ಬ್ಲಾಕಿನ ಅಂಚಿನಲ್ಲಿ ಸಿಗ್ನಲ್ ಜೋಡಿಸುವ ಜಾಗ) ಮೂಲಕವೇ ಒಳಗೆ ಬರಲಿ, ಪಿನ್ ಮೂಲಕವೇ ಹೊರಗೆ ಹೋಗಲಿ. ಒಂದೇ ಒಂದು ಎಂ ಬಿಟ್ ಒಳಗೆ ನುಸುಳಿದರೂ ಅದು ಮತ್ತೆ ಬಳಸಲಾಗದ ಬ್ಲಾಕ್.

ನಿಮ್ಮ ಸೀನಿಯರ್ ಹೇಳಿದ ಮೂರು ಮಾತು

ಸ್ಕ್ಯಾನ್ ಟೈಮ್ ಮಾತು ಹಳೆಯ ಕಾಲದ್ದು. ಎಸ್7-1200ರ ಸಿಪಿಯು 1214ಸಿ ಒಂದು ಬಿಟ್ ಸೂಚನೆಗೆ ತೆಗೆದುಕೊಳ್ಳುವುದು ಸುಮಾರು 0.08 ಮೈಕ್ರೋಸೆಕೆಂಡ್. ಬ್ಲಾಕ್ ಕರೆಯಲು ಸ್ವಲ್ಪ ಹೆಚ್ಚುವರಿ ಹೊತ್ತು ಬೇಕು, ನಿಜ. ಆದರೆ 14 ಮೋಟಾರ್ ಬ್ಲಾಕಿಗೆ ಅದು ಒಂದು ಕಾಂಟ್ಯಾಕ್ಟರ್ ಎಳೆಯುವ ಹೊತ್ತಿನ ಹತ್ತಿರಕ್ಕೂ ಬರಲ್ಲ. ಕಾಂಟ್ಯಾಕ್ಟರ್‌ಗೇ ಹತ್ತಿಪ್ಪತ್ತು ಮಿಲಿಸೆಕೆಂಡ್ ಬೇಕು. ಸಿಪಿಯುನ ಸ್ಕ್ಯಾನ್ ಕಾವಲು ಮಿತಿ ಮೊದಲೇ 150 ಮಿಲಿಸೆಕೆಂಡ್‌ಗೆ ಇಟ್ಟಿರುತ್ತೆ. ದೊಡ್ಡ ಸ್ಟ್ರಕ್ಚರನ್ನು (ಹಲವು ಮೌಲ್ಯಗಳ ಗುಂಪು) ಇನ್‌ಪುಟ್ ಪಿನ್‌ಗೆ ಕೊಟ್ಟರೆ ಮಾತ್ರ ಎಚ್ಚರ ಬೇಕು. ಇನ್‌ಪುಟ್ ಆದರೆ ಪೂರ್ತಿ ಕಾಪಿ ಆಗುತ್ತೆ. ಇನ್-ಔಟ್ ಪಿನ್‌ಗೆ ಕೊಟ್ಟರೆ ವಿಳಾಸ ಮಾತ್ರ ಹೋಗುತ್ತೆ. ಅಷ್ಟು ನೋಡಿಕೊಂಡರೆ ಸಾಕು.

ಎಲೆಕ್ಟ್ರಿಷಿಯನ್‌ಗೆ ಅರ್ಥ ಆಗಲ್ಲ ಅನ್ನುವುದರಲ್ಲಿ ಅರ್ಧ ಸತ್ಯ ಇದೆ. ಅದನ್ನು ತಳ್ಳಿಹಾಕಬೇಡಿ. ನೇರ ಲ್ಯಾಡರ್‌ನಲ್ಲಿ ಹಸಿರು ಗೆರೆ ಎಲ್ಲಿ ನಿಂತಿದೆ ಅಂತ ನೋಡಿದರೆ ತೊಂದರೆ ಸಿಗುತ್ತೆ. ಎಫ್‌ಬಿ ಒಳಗೆ ನೋಡುವಾಗ ಯಾವ ಪಂಪಿನ ಎಫ್‌ಬಿ ಅನ್ನೋದು ಮುಖ್ಯ. ಪ್ರಾಜೆಕ್ಟ್ ಮರದಿಂದ ಬ್ಲಾಕನ್ನು ನೇರವಾಗಿ ತೆರೆದು ಮಾನಿಟರ್ ಹಾಕಿದರೆ ನೀವು 9ನೆಯದು ಅಂದುಕೊಂಡು ಬೇರೆ ಪಂಪಿನ ಲೆಕ್ಕ ನೋಡುತ್ತಿರಬಹುದು. 9ನೇ ಪಂಪಿನ ಕಾಲ್ ಇರುವ ಜಾಗಕ್ಕೆ ಹೋಗಿ, ಅಲ್ಲಿಂದಲೇ ರೈಟ್ ಕ್ಲಿಕ್ ಮಾಡಿ ತೆರೆದು ಮಾನಿಟರ್ ಮಾಡಬೇಕು. ಸೈಟಿನವರಿಗೆ ಇದನ್ನು ಕೈಹಿಡಿದು ಒಮ್ಮೆ ತೋರಿಸಿ. ಹತ್ತು ನಿಮಿಷದ ಕೆಲಸ. ಇನ್ನೂ ಒಳ್ಳೆಯದೆಂದರೆ ಅವರು ಒಳಗೆ ಹೋಗುವ ಅಗತ್ಯವೇ ಬರದ ಹಾಗೆ ಪಿನ್‌ಗಳನ್ನು ಇಡೋದು. ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ತಪ್ಪು 14 ಕಡೆ ಹರಡುತ್ತೆ ಅನ್ನೋದು ಪೂರ್ತಿ ಸತ್ಯ. ಆದರೆ ಆ ತಪ್ಪು 14ರಲ್ಲಿ ಯಾವುದನ್ನು ಪರೀಕ್ಷಿಸಿದರೂ ಸಿಗುತ್ತೆ. ನಿಮ್ಮ ಕಾಪಿ ತಪ್ಪು 14ರಲ್ಲಿ 7 ಅಥವಾ 9ನೇ ಪಂಪಿನ ಫೀಡ್‌ಬ್ಯಾಕನ್ನೇ ತೆಗೆದು ಪರೀಕ್ಷಿಸಿದರೆ ಮಾತ್ರ ಸಿಗುತ್ತಿತ್ತು. ಎರಡರಲ್ಲಿ ಯಾವುದು ವಾಸಿ ಅಂತ ಸೀನಿಯರ್ ಜೊತೆ ಕೂತು ಮಾತಾಡಿ. ಅವರ ಭಯ ಅನುಭವದಿಂದ ಬಂದದ್ದು. ಅವರಿಂದಲೇ ಬ್ಲಾಕನ್ನು ಪರೀಕ್ಷೆ ಮಾಡಿಸಿ. ಅವರಷ್ಟು ಚೆನ್ನಾಗಿ ಅದನ್ನು ಕೆಡಿಸಿ ನೋಡುವವರು ನಿಮಗೆ ಬೇರೆ ಸಿಗಲ್ಲ.

ಬೇರೆ ದಾರಿಗಳೂ ಇವೆ

ಕಾಪಿ ಮಾಡುವುದನ್ನೇ ಮುಂದುವರಿಸಬಹುದು. ಎರಡು ಮೂರು ಮೋಟಾರ್ ಇರುವ ಸಣ್ಣ ಯಂತ್ರಕ್ಕೆ ನಾನೂ ಹಾಗೇ ಮಾಡುತ್ತೇನೆ. ಕ್ರಾಸ್ ರೆಫರೆನ್ಸ್ (ಯಾವುದು ಎಲ್ಲೆಲ್ಲಿ ಬಳಕೆಯಾಗಿದೆ ಅನ್ನುವ ಪಟ್ಟಿ) ತೆರೆದು ಪ್ರತಿ ಟೈಮರ್ ಒಂದೇ ಕಡೆ ಬಳಕೆಯಾಗಿದೆಯಾ ಅಂತ ನೋಡಿದರೆ ಆಯ್ತು. ಕಂಪನಿಗಳೇ ಕೊಡುವ ಸಿದ್ಧ ಲೈಬ್ರರಿ ಇನ್ನೊಂದು ದಾರಿ. ರಾಕ್‌ವೆಲ್‌ನ ಪ್ಲಾಂಟ್‌ಪಿಎಎಕ್ಸ್‌ನಲ್ಲಿ ಮೋಟಾರ್, ವಾಲ್ವ್ ಎಲ್ಲಕ್ಕೂ ಬ್ಲಾಕ್ ಇವೆ, ಸ್ಕ್ರೀನಿನ ಚಿತ್ರಗಳೂ ಜೊತೆಗೆ ಬರುತ್ತವೆ. ದೊಡ್ಡ ಪ್ಲಾಂಟ್‌ಗೆ ಚೆನ್ನ. 14 ಪಂಪಿನ ಘಟಕಕ್ಕೆ ಅದರ ಪಿನ್‌ಗಳ ಸಂಖ್ಯೆ ನೋಡಿದರೇ ಗಾಬರಿ ಆಗುತ್ತೆ. ನಿಮ್ಮ ಅಳತೆಯ ಕೆಲಸಕ್ಕೆ ನಿಮ್ಮದೇ ಸಣ್ಣ ಬ್ಲಾಕ್ ಸರಿ ಅಂತ ನನ್ನ ಅಭಿಪ್ರಾಯ.

ಪಿನ್‌ಗಳಲ್ಲೇ ಇದೆ ಎಲ್ಲ

ಒಮ್ಮೆ ನಲವತ್ತಕ್ಕೂ ಹೆಚ್ಚು ಪಿನ್ ಇರುವ ಮೋಟಾರ್ ಬ್ಲಾಕ್ ನನ್ನ ಕೈಗೆ ಬಂತು. ಡಿಒಎಲ್ (ನೇರವಾಗಿ ಶುರುವಾಗುವ ಮೋಟಾರ್), ಸ್ಟಾರ್-ಡೆಲ್ಟಾ (ಎರಡು ಹಂತದಲ್ಲಿ ಶುರುವಾಗುವುದು), ಡ್ರೈವ್ (ವೇಗ ಬದಲಿಸುವುದು), ರಿವರ್ಸ್, ಎಲ್ಲವನ್ನೂ ಒಂದರಲ್ಲೇ ತುಂಬಿದ್ದರು. ಬರೆದವರು ಕೆಲಸ ಬಿಟ್ಟು ಹೋಗಿದ್ದರು. ಅರ್ಧ ಪಿನ್‌ಗಳಿಗೆ ಏನೂ ಕೊಟ್ಟಿರಲಿಲ್ಲ. ಯಾವುದನ್ನು ಮುಟ್ಟಿದರೆ ಏನಾಗುತ್ತೋ ಅಂತ ಯಾರೂ ಹತ್ತಿರ ಹೋಗುತ್ತಿರಲಿಲ್ಲ. ನೀವು ಡಿಒಎಲ್ ಮೋಟಾರಿಗೆ ಒಂದು, ಸ್ಟಾರ್-ಡೆಲ್ಟಾಗೆ ಒಂದು, ಡ್ರೈವ್‌ಗೆ ಒಂದು, ವಾಲ್ವ್‌ಗೆ ಒಂದು ಅಂತ ಬೇರೆ ಬೇರೆ ಮಾಡಿ. ಒಂದೇ ಲಾಜಿಕ್ ಮೂರನೇ ಸಲ ಬರೆಯುವಾಗ ಬ್ಲಾಕ್ ಮಾಡಿದರೆ ಸಾಕು. ಮೊದಲ ಎರಡು ಸಲದಲ್ಲಿ ಏನು ಬೇಕು, ಏನು ಬೇಡ ಅಂತ ಗೊತ್ತಾಗಿರುತ್ತೆ.

ಡಿಒಎಲ್ ಮೋಟಾರ್ ಬ್ಲಾಕಿಗೆ ನಾನು ಒಳಗೆ ಕೊಡುವುದು ಇಷ್ಟು: ಆಟೋ ಮೋಡ್, ಆಟೋ ಕಮಾಂಡ್, ಮ್ಯಾನುಯಲ್ ಸ್ಟಾರ್ಟ್, ಮ್ಯಾನುಯಲ್ ಸ್ಟಾಪ್, ರನ್ ಫೀಡ್‌ಬ್ಯಾಕ್, ಓವರ್‌ಲೋಡ್ ಓಕೆ, ಇಂಟರ್‌ಲಾಕ್ ಓಕೆ (ಓಡಲು ಬೇಕಾದ ಬೇರೆ ಷರತ್ತುಗಳು ಸರಿ ಇವೆ ಅಂತ), ರೀಸೆಟ್, ಫೀಡ್‌ಬ್ಯಾಕ್ ಸಮಯ. ಹೊರಗೆ ಬರುವುದು: ರನ್ ಔಟ್‌ಪುಟ್, ರೆಡಿ, ರನ್ನಿಂಗ್, ಫಾಲ್ಟ್, ಫಾಲ್ಟ್ ಕೋಡ್.

ಹೆಸರು ಗಮನಿಸಿ. ಓವರ್‌ಲೋಡ್ ಅಂತ ಬರೆದಿಲ್ಲ, ಓವರ್‌ಲೋಡ್ ಓಕೆ ಅಂತ ಬರೆದಿದ್ದೇನೆ. ಓವರ್‌ಲೋಡ್ ರಿಲೇಯ ಎನ್‌ಸಿ (ಸಾಮಾನ್ಯವಾಗಿ ಮುಚ್ಚಿರುವ) ಕಾಂಟ್ಯಾಕ್ಟ್ ಇನ್‌ಪುಟ್ ಕಾರ್ಡಿಗೆ ಬಂದರೆ, ಎಲ್ಲ ಸರಿ ಇದ್ದಾಗ ಸಿಗ್ನಲ್ ಒಂದು ಇರುತ್ತೆ. ವೈರ್ ಕಡಿದರೂ ಸೊನ್ನೆ ಆಗಿ ಮೋಟಾರ್ ನಿಲ್ಲುತ್ತೆ. ಹೆಸರೇ ಇದನ್ನು ಹೇಳಬೇಕು. ಎಲೆಕ್ಟ್ರಿಷಿಯನ್ ಇನ್‌ಪುಟ್ ಕಾರ್ಡಿನ ಎಲ್‌ಇಡಿ ನೋಡಿ, ಪಿನ್ ಹೆಸರು ನೋಡಿ, ಎರಡೂ ಒಂದೇ ಮಾತು ಹೇಳುತ್ತಿವೆಯಾ ಅಂತ ತಾಳೆ ಹಾಕುತ್ತಾರೆ. ಒಂದು ಕಡೆ ಉಲ್ಟಾ ಇದ್ದರೆ ಅಲ್ಲೇ ಅರ್ಧ ಗಂಟೆ ಹೋಗುತ್ತೆ.

ಇನ್ನೊಂದು. ಎಫ್‌ಬಿಯಲ್ಲಿ ಇನ್‌ಪುಟ್ ಪಿನ್ ಖಾಲಿ ಬಿಟ್ಟರೂ ಪ್ರೋಗ್ರಾಂ ಕಂಪೈಲ್ ಆಗುತ್ತೆ. ಹಾಗಾಗಿ ಓಕೆ ಪಿನ್‌ಗಳ ಡಿಫಾಲ್ಟ್ ಯಾವಾಗಲೂ ಸೊನ್ನೆ ಇರಲಿ. ಯಾರಾದರೂ ಇಂಟರ್‌ಲಾಕ್ ಜೋಡಿಸಲು ಮರೆತರೆ ಮೋಟಾರ್ ಶುರುವೇ ಆಗಬಾರದು. ಕಮಿಷನಿಂಗ್ ದಿನವೇ ಮರೆತದ್ದು ಗೊತ್ತಾಗುತ್ತೆ.

ಫಾಲ್ಟ್ ಕೋಡ್ ಪಿನ್ ಬಗ್ಗೆ ನಾನು ಹಟ ಹಿಡಿಯುತ್ತೇನೆ. ಬರೀ ಫಾಲ್ಟ್ ಅಂತ ಒಂದು ಬಿಟ್ ಕೊಟ್ಟರೆ ಎಲೆಕ್ಟ್ರಿಷಿಯನ್‌ಗೆ ಏನೂ ಹೇಳಿದ ಹಾಗಾಗಲ್ಲ. 1 ಅಂದರೆ ಓವರ್‌ಲೋಡ್. 2 ಅಂದರೆ ಕಮಾಂಡ್ ಹೋದರೂ ಫೀಡ್‌ಬ್ಯಾಕ್ ಬರಲಿಲ್ಲ. 3 ಅಂದರೆ ಓಡುತ್ತಿರುವಾಗ ಫೀಡ್‌ಬ್ಯಾಕ್ ಹೋಯಿತು. 4 ಅಂದರೆ ಕಮಾಂಡ್ ಇಲ್ಲದೆ ಫೀಡ್‌ಬ್ಯಾಕ್ ಇದೆ, ಕಾಂಟ್ಯಾಕ್ಟರ್ ಅಂಟಿಕೊಂಡಿರಬಹುದು. ಮೊದಲು ಬಂದ ಕೋಡ್ ಮಾತ್ರ ಹಿಡಿದಿಟ್ಟುಕೊಳ್ಳಿ. ಓವರ್‌ಲೋಡ್ ಟ್ರಿಪ್ ಆದಾಗ ಕಾಂಟ್ಯಾಕ್ಟರ್ ಬೀಳುತ್ತೆ, ಅದರ ಹಿಂದೆ ಫೀಡ್‌ಬ್ಯಾಕೂ ಹೋಗುತ್ತೆ. ಎರಡನೆಯದು ಮೊದಲನೆಯದರ ಮೇಲೆ ಬರೆದುಬಿಟ್ಟರೆ ಎಲೆಕ್ಟ್ರಿಷಿಯನ್ ಫೀಡ್‌ಬ್ಯಾಕ್ ವೈರ್ ಹುಡುಕುತ್ತಾ ಕೂರುತ್ತಾರೆ. ಒಂದು ಕಿವಿಮಾತು: ಸಹಾಯಕ ಕಾಂಟ್ಯಾಕ್ಟಿನ ಸೊನ್ನೆ, ಓವರ್‌ಲೋಡ್‌ನ ಸೊನ್ನೆಗಿಂತ ಒಂದು ಸ್ಕ್ಯಾನ್ ಮೊದಲೇ ಓದಿಸಿಕೊಳ್ಳಬಹುದು. ಹಾಗಾಗಿ 3ನೇ ಕೋಡಿಗೆ ಅರ್ಧ ಸೆಕೆಂಡ್ ತಡ ಕೊಡಿ.

ಬ್ಲಾಕಿಗೆ ಸೇರದ್ದನ್ನು ಹೊರಗೇ ಬಿಡಿ. ಕರೆಂಟ್ ಹೋಗಿ ಬಂದಾಗ 14 ಪಂಪು ಒಟ್ಟಿಗೆ ಶುರುವಾದರೆ ಮೇನ್ ಬ್ರೇಕರ್ ಬೀಳುತ್ತೆ, ಒಂದಾದ ಮೇಲೆ ಒಂದು ಬರಬೇಕು. ಆದರೆ ಆ ಸರದಿ ಒಂದು ಪಂಪಿನ ವಿಷಯ ಅಲ್ಲ, ಪಂಪ್‌ಹೌಸಿನ ವಿಷಯ. ಅದನ್ನು ಮೇಲಿನ ಪ್ರೋಗ್ರಾಂ ನೋಡಿಕೊಳ್ಳಲಿ. ಎಮರ್ಜೆನ್ಸಿ ಸ್ಟಾಪ್ ಅಂತೂ ಈ ಬ್ಲಾಕಿನ ಮೇಲೆ ನಿಲ್ಲಲೇಬಾರದು. ಅದು ಸೇಫ್ಟಿ ರಿಲೇ ಅಥವಾ ಸೇಫ್ಟಿ ಪಿಎಲ್‌ಸಿ ಮೂಲಕ ಕಾಂಟ್ಯಾಕ್ಟರ್ ಕಾಯಿಲ್‌ನ ಸಪ್ಲೈ ತೆಗೆಯಬೇಕು. ಬ್ಲಾಕಿಗೆ ಅದರ ಸುದ್ದಿ ಮಾತ್ರ ಹೋಗಲಿ.

ಇಎನ್ ಪಿನ್ ಮೇಲೆ ಏನೂ ಹಾಕಬೇಡಿ

ಇದನ್ನು ಕಣ್ಣಾರೆ ಕಂಡಿದ್ದೇನೆ. ಒಂದು ಮೇವಿನ ಕಾರ್ಖಾನೆಯ ಕನ್ವೇಯರ್. ಜೊತೆಯ ಹುಡುಗ ಬ್ಲಾಕಿನ ಇಎನ್ (ಎನೇಬಲ್, ಅಂದರೆ ಬ್ಲಾಕ್ ಓಡಬೇಕಾ ಬೇಡವಾ ಅಂತ ಹೇಳುವ) ಪಿನ್ ಮುಂದೆ ಆಟೋ ಕಾಂಟ್ಯಾಕ್ಟ್ ಹಾಕಿದ್ದ. ಆಟೋ ಇದ್ದಾಗ ಮಾತ್ರ ಬ್ಲಾಕ್ ಓಡಲಿ ಅನ್ನುವುದು ಅವನ ಲೆಕ್ಕ. ಆಪರೇಟರ್ ಸ್ವಿಚ್ಚನ್ನು ಮ್ಯಾನುಯಲ್‌ಗೆ ತಿರುಗಿಸಿದರು. ಕನ್ವೇಯರ್ ನಿಲ್ಲಲಿಲ್ಲ. ಸ್ಟಾಪ್ ಒತ್ತಿದರು, ನಿಲ್ಲಲಿಲ್ಲ. ಇಎನ್ ಸೊನ್ನೆ ಆದ ಮೇಲೆ ಬ್ಲಾಕ್ ಓಡುವುದೇ ಇಲ್ಲ. ಸ್ಟಾಪ್ ಬಟನ್ ಓದುವವರೇ ಇಲ್ಲ. ಔಟ್‌ಪುಟ್ ಬಿಟ್ ಕೊನೆಯ ಸಲ ಒಂದು ಇತ್ತು, ಒಂದಾಗಿಯೇ ಉಳಿಯಿತು. ಹಗ್ಗ ಎಳೆಯುವ ಎಮರ್ಜೆನ್ಸಿ ಸ್ವಿಚ್ ನೇರವಾಗಿ ವೈರ್ ಮಾಡಿದ್ದರಿಂದ ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ರಾಕ್‌ವೆಲ್‌ನಲ್ಲೂ ಇದೇ ಕಥೆ. ಅಲ್ಲಿ ನೀವು ಮಾಡಿಕೊಳ್ಳುವ ಬ್ಲಾಕಿಗೆ ಆಡ್-ಆನ್ ಇನ್‌ಸ್ಟ್ರಕ್ಷನ್ ಅಂತಾರೆ. ಅದು ಇರುವ ರಂಗ್ ಸೊನ್ನೆ ಆದರೆ ಒಳಗಿನ ಮುಖ್ಯ ಲಾಜಿಕ್ ಓಡಲ್ಲ. ಎನೇಬಲ್-ಇನ್-ಫಾಲ್ಸ್ ಅನ್ನುವ ಬೇರೆ ರೂಟೀನ್ ಬರೆದಿದ್ದರೆ ಅದು ಮಾತ್ರ ಓಡುತ್ತೆ. ಬ್ಲಾಕನ್ನು ಯಾವಾಗಲೂ ಷರತ್ತಿಲ್ಲದೆ ಕರೆಯಿರಿ. ಷರತ್ತುಗಳೆಲ್ಲ ಪಿನ್‌ಗಳಿಗೆ ಬರಲಿ.

ಒಂದು ಪಿನ್ ಸೇರಿಸಲು ಹೋಗಿ ನಾನು ಮಾಡಿದ ತಪ್ಪು

ಒಂದು ಹಾಲಿನ ಘಟಕದಲ್ಲಿ ನನ್ನದೇ ಮೋಟಾರ್ ಬ್ಲಾಕ್ ಮೂವತ್ತು ಕಡೆ ಓಡುತ್ತಿತ್ತು. ಓಡಿದ ಗಂಟೆಗಳನ್ನು ಸೊನ್ನೆ ಮಾಡಲು ಒಂದು ಪಿನ್ ಬೇಕು ಅಂದರು. ಸಣ್ಣ ಕೆಲಸ ಅಲ್ವಾ ಅಂತ ಊಟದ ಹೊತ್ತಿನಲ್ಲಿ ಸೇರಿಸಿ ಡೌನ್‌ಲೋಡ್ ಒತ್ತಿದೆ. ಡೌನ್‌ಲೋಡ್‌ಗೆ ಮುಂಚೆ ಬರುವ ಪಟ್ಟಿಯಲ್ಲಿ ಡೇಟಾ ಬ್ಲಾಕ್‌ಗಳನ್ನು ರೀಇನಿಷಿಯಲೈಸ್ ಮಾಡುತ್ತೇನೆ ಅಂತ ಸಾಫ್ಟ್‌ವೇರ್ ಹೇಳಿತ್ತು. ಓದದೆ ಟಿಕ್ ಮಾಡಿದೆ.

ಮೂವತ್ತು ಪಾಸ್‌ಬುಕ್ ಒಟ್ಟಿಗೆ ಖಾಲಿ ಆದವು. ಓಡುತ್ತಿದ್ದ ಮೋಟಾರ್‌ಗಳು ನಿಂತವು, ಯಾಕೆಂದರೆ ಓಡುತ್ತಿದ್ದೇನೆ ಅನ್ನುವ ನೆನಪೂ ಅಲ್ಲೇ ಇತ್ತು. ಎರಡು ವರ್ಷದ ಗಂಟೆ ಲೆಕ್ಕ ಹೋಯಿತು. ಅಮೋನಿಯಾ ಕಂಪ್ರೆಸರ್ ಮತ್ತೆ ಶುರು ಮಾಡಿದರೆ ಪ್ರತಿ ಸಲ ಟ್ರಿಪ್. ಸ್ಟಾರ್-ಡೆಲ್ಟಾ ಯಂತ್ರ ಅದು. ಡೆಲ್ಟಾ ಕಾಂಟ್ಯಾಕ್ಟರ್ ಫೀಡ್‌ಬ್ಯಾಕ್ ಬರಲು ಎಂಟು ಸೆಕೆಂಡ್ ಬೇಕು. ಆಪರೇಟರ್ ಸ್ಕ್ರೀನಿನಿಂದ 10 ಸೆಕೆಂಡ್ ಅಂತ ಹಾಕಿಟ್ಟಿದ್ದರು. ಅದು ಹೋಗಿ ನನ್ನ ಡಿಫಾಲ್ಟ್ 3 ಸೆಕೆಂಡ್ ಬಂದು ಕೂತಿತ್ತು. ಕಾರಣ ನನಗೆ ಹೊಳೆಯಲು ನಲವತ್ತು ನಿಮಿಷ ಬೇಕಾಯಿತು. ಅಷ್ಟು ಹೊತ್ತು ಹಾಲಿನ ಟ್ಯಾಂಕ್ ತಣ್ಣಗಾಗುತ್ತಿರಲಿಲ್ಲ. ಆ ಘಟಕದ ಶಿಫ್ಟ್ ಇನ್‌ಚಾರ್ಜ್ ಮುಖ ನನಗೆ ಇನ್ನೂ ನೆನಪಿದೆ.

ಎಫ್‌ಬಿಯ ಒಳಗಿನ ಲಾಜಿಕ್ ಮಾತ್ರ ಬದಲಿಸಿದರೆ ಹೀಗಾಗಲ್ಲ. ಪಿನ್ ಅಥವಾ ಸ್ಟ್ಯಾಟಿಕ್ ವೇರಿಯಬಲ್ ಸೇರಿಸಿದಾಗ, ತೆಗೆದಾಗ ಪಾಸ್‌ಬುಕ್‌ನ ಪುಟಗಳೇ ಬದಲಾಗುತ್ತವೆ. ಎಸ್7-1200 ಮತ್ತು 1500ರಲ್ಲಿ ಇದಕ್ಕೆ ಒಂದು ಉಪಾಯ ಇದೆ. ಬ್ಲಾಕಿನಲ್ಲಿ ರೀಇನಿಷಿಯಲೈಸ್ ಇಲ್ಲದೆ ಡೌನ್‌ಲೋಡ್ ಮಾಡುವ ಸೌಲಭ್ಯವನ್ನು ಮೊದಲೇ ಆನ್ ಮಾಡಿಟ್ಟರೆ, ಪ್ರತಿ ಡೇಟಾ ಬ್ಲಾಕ್‌ನಲ್ಲಿ ಸ್ವಲ್ಪ ಜಾಗ ಮೀಸಲಿರುತ್ತೆ. ಸಾಮಾನ್ಯವಾಗಿ 100 ಬೈಟ್. ಹೊಸ ವೇರಿಯಬಲ್ ಆ ಜಾಗಕ್ಕೆ ಹೋಗುತ್ತೆ, ಹಳೆಯ ಲೆಕ್ಕ ಉಳಿಯುತ್ತೆ. ಸೇರಿಸಲು ಮಾತ್ರ ಇದು ಆಗುತ್ತೆ. ಹಳೆಯದನ್ನು ಅಳಿಸಿದರೆ, ಅದರ ಹೆಸರು ಬದಲಿಸಿದರೆ ಆಗಲ್ಲ. ಈಗ ನಾನು ಯಾವ ಡೌನ್‌ಲೋಡ್‌ಗೂ ಮುಂಚೆ ಡೇಟಾ ಬ್ಲಾಕ್‌ಗಳ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಮೌಲ್ಯಗಳ ನಕಲು) ತೆಗೆದಿಡುತ್ತೇನೆ. ಆ ಮೌಲ್ಯಗಳನ್ನು ಸ್ಟಾರ್ಟ್ ವ್ಯಾಲ್ಯೂಗೆ ಕಾಪಿ ಮಾಡಿಕೊಳ್ಳಬಹುದು.

ಇದೇ ಕಾರಣಕ್ಕೆ, ಪ್ರತಿ ಪಂಪಿಗೆ ಬೇರೆ ಬೇರೆ ಇನ್‌ಸ್ಟೆನ್ಸ್ ಡೇಟಾ ಬ್ಲಾಕ್ ಕೊಡಿ. 14 ಪಂಪನ್ನೂ ಒಂದು ದೊಡ್ಡ ಪಂಪ್‌ಹೌಸ್ ಎಫ್‌ಬಿ ಒಳಗೆ ಮಲ್ಟಿ ಇನ್‌ಸ್ಟೆನ್ಸ್ ಮಾಡಿದರೆ ನೋಡಲು ಚೆಂದ. ಆದರೆ 15ನೇ ಪಂಪು ಸೇರಿಸುವ ದಿನ ಆ ದೊಡ್ಡ ಬ್ಲಾಕಿನ ಪುಟ ಬದಲಾಗಿ ಉಳಿದ 14ರ ಲೆಕ್ಕಕ್ಕೂ ಕುತ್ತು ಬರಬಹುದು. ಡೇಟಾ ಬ್ಲಾಕಿಗೆ ಡ್ರಾಯಿಂಗ್‌ನಲ್ಲಿರುವ ಪಂಪ್ ನಂಬರನ್ನೇ ಹೆಸರಾಗಿಡಿ.

ರಾಕ್‌ವೆಲ್‌ನಲ್ಲಿ ಇನ್ನೂ ಬಿಗಿ. ಆಡ್-ಆನ್ ಇನ್‌ಸ್ಟ್ರಕ್ಷನ್‌ನ ಒಳಗಿನ ಲಾಜಿಕ್ ಅನ್ನು ಆನ್‌ಲೈನ್‌ನಲ್ಲಿ ತಿದ್ದಲು ಆಗಲ್ಲ. ಒಂದು ಕಾಂಟ್ಯಾಕ್ಟ್ ಬದಲಿಸಬೇಕಾದರೂ ಆಫ್‌ಲೈನ್‌ನಲ್ಲಿ ತಿದ್ದಿ ಡೌನ್‌ಲೋಡ್ ಮಾಡಬೇಕು, ಅಂದರೆ ಕಂಟ್ರೋಲರ್ ನಿಲ್ಲಬೇಕು. ನಿಲ್ಲಿಸಲಾಗದ ಪ್ಲಾಂಟ್‌ನಲ್ಲಿ ಇದು ದೊಡ್ಡ ವಿಷಯ. ಪೂರ್ತಿ ಪಳಗಿದ ಲಾಜಿಕ್ ಮಾತ್ರ ಅಲ್ಲಿ ಬ್ಲಾಕ್ ಆಗಲಿ. ಸೈಟಿನಲ್ಲಿ ಬದಲಾಗುವ ಸಾಧ್ಯತೆ ಇರುವ ಇಂಟರ್‌ಲಾಕ್‌ಗಳು ಹೊರಗಿನ ರಂಗ್‌ನಲ್ಲೇ ಇರಲಿ.

ಒಂದು ಕಂಪನಿಯ ಬ್ಲಾಕ್ ಇನ್ನೊಂದರಲ್ಲಿ ನಡೆಯುತ್ತಾ?

ನೇರವಾಗಿ ನಡೆಯಲ್ಲ. ಐಇಸಿ 61131-3 ಅನ್ನುವ ಮಾನದಂಡ 1993ರಲ್ಲೇ ಬಂತು. ಫಂಕ್ಷನ್, ಫಂಕ್ಷನ್ ಬ್ಲಾಕ್, ಪ್ರೋಗ್ರಾಂ ಅನ್ನುವ ಹೆಸರುಗಳನ್ನು, ಟೈಮರ್, ಕೌಂಟರ್‌ಗಳ ನಡವಳಿಕೆಯನ್ನು ಅದು ಒಂದು ಮಾಡಿತು. ಹಾಗಂತ ಫೈಲ್‌ಗಳು ಒಂದಾಗಲಿಲ್ಲ. 2019ರಲ್ಲಿ ಫೈಲ್ ವಿನಿಮಯಕ್ಕೂ ಐಇಸಿ 61131-10 ಅಂತ ಎಕ್ಸ್‌ಎಂಎಲ್ ಮಾನದಂಡ ಬಂತು. ಆದರೂ ಸೀಮೆನ್ಸ್‌ನ ಲ್ಯಾಡರ್ ಬ್ಲಾಕನ್ನು ಎತ್ತಿ ರಾಕ್‌ವೆಲ್‌ನ ಸಾಫ್ಟ್‌ವೇರ್ ಸ್ಟುಡಿಯೊ 5000ಕ್ಕೆ ಹಾಕುವುದು ಆಗಲ್ಲ. ನಿಮ್ಮ ಜೊತೆ ಹೋಗುವುದು ಪಿನ್‌ಗಳ ಪಟ್ಟಿ, ಫಾಲ್ಟ್ ಕೋಡ್‌ಗಳು ಮತ್ತು ಪರೀಕ್ಷೆಯ ಪಟ್ಟಿ. ಅವು ಎರಡೂ ಕಡೆ ಒಂದೇ ಇರಲಿ. ಒಳಗಿನ ಲಾಜಿಕ್ಕನ್ನು ಆಯಾ ಸಾಫ್ಟ್‌ವೇರ್‌ನಲ್ಲಿ ಮತ್ತೆ ಬರೆಯಿರಿ. ಡಿಒಎಲ್ ಬ್ಲಾಕಿಗೆ ಒಂದು ದಿನ ಸಾಕು.

ಪರೀಕ್ಷೆ ಮತ್ತು ವರ್ಷನ್

ಮೊದಲು ಪಿಎಲ್‌ಸಿಸಿಮ್‌ನಲ್ಲಿ (ಸೀಮೆನ್ಸ್‌ನ ಸಿಮ್ಯುಲೇಟರ್), ಆಮೇಲೆ ಮೇಜಿನ ಮೇಲೆ ಒಂದು ಕಾಂಟ್ಯಾಕ್ಟರ್ ಇಟ್ಟು ನೋಡಿ. ಫೀಡ್‌ಬ್ಯಾಕ್ ವೈರ್ ಬಿಚ್ಚಿ ಸ್ಟಾರ್ಟ್ ಕೊಡಿ. ಓಡುತ್ತಿರುವಾಗ ಬಿಚ್ಚಿ. ಓವರ್‌ಲೋಡ್ ಟೆಸ್ಟ್ ಬಟನ್ ಒತ್ತಿ. ಫಾಲ್ಟ್ ಇರುವಾಗಲೇ ರೀಸೆಟ್ ಒತ್ತಿ ಹಿಡಿಯಿರಿ. ಸಪ್ಲೈ ತೆಗೆದು ಹಾಕಿ, ಮ್ಯಾನುಯಲ್‌ನಲ್ಲಿ ಓಡುತ್ತಿದ್ದ ಮೋಟಾರ್ ತಾನಾಗೇ ಶುರುವಾಗುತ್ತಾ ನೋಡಿ. ಆಗಬಾರದು. ಮುಖ್ಯವಾಗಿ ಎರಡು ಇನ್‌ಸ್ಟೆನ್ಸ್ ಹಾಕಿ, ಒಂದು ಓಡುತ್ತಿರುವಾಗ ಇನ್ನೊಂದನ್ನು ಕೆಡಿಸಿ. ನಿಮ್ಮ 7 ಮತ್ತು 9ರ ಕಥೆ ಅಲ್ಲೇ ಹೊರಬೀಳುತ್ತೆ.

ಪಾಸಾದ ಮೇಲೆ ಟಿಐಎ ಲೈಬ್ರರಿಯಲ್ಲಿ ಟೈಪ್ ಮಾಡಿ, ವರ್ಷನ್ 1.0.0 ಅಂತ ಬಿಡುಗಡೆ ಮಾಡಿ. ಯಾವ ಸೈಟಿನಲ್ಲಿ ಯಾವ ವರ್ಷನ್ ಓಡುತ್ತಿದೆ ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಹೊಸದು ಬಂತು ಅಂತ ಚೆನ್ನಾಗಿ ಓಡುತ್ತಿರುವ ಸೈಟಿಗೆ ಹೋಗಿ ಬದಲಿಸಬೇಡಿ.

ಅದೇ ಮಾತು ನಿಮ್ಮ ಈಗಿನ ಘಟಕಕ್ಕೂ. ಅದನ್ನು ಬ್ಲಾಕ್‌ಗೆ ಬದಲಿಸುವ ಆತುರ ಬೇಡ. 14 ಪಂಪಿನ ಟೈಮರ್‌ಗಳನ್ನೂ ಕ್ರಾಸ್ ರೆಫರೆನ್ಸ್‌ನಲ್ಲಿ ನೋಡಿ. ಆಮೇಲೆ ಸೈಟಿಗೆ ಹೋಗಿ, ಉಳಿದ ಪಂಪುಗಳು ಓಡುತ್ತಿರುವಾಗ ಒಂದೊಂದರ ಫೀಡ್‌ಬ್ಯಾಕ್ ವೈರ್ ಬಿಚ್ಚಿ ಅಲಾರಾಂ ಬರುತ್ತಾ ಖಾತ್ರಿ ಮಾಡಿಕೊಳ್ಳಿ. ಈ ವಾರವೇ ಹೋಗಿ. ಹೊಸ ಬ್ಲಾಕ್ ಮುಂದಿನ ಸೈಟಿನಿಂದ ಶುರುವಾಗಲಿ.

ಪಾಸ್‌ವರ್ಡ್ ಬಗ್ಗೆ

ಮಾಲೀಕರ ಕಾಳಜಿ ಅರ್ಥವಾಗುತ್ತೆ. ಕಷ್ಟಪಟ್ಟು ಮಾಡಿದ್ದನ್ನು ಬೇರೆಯವರು ಎತ್ತಿಕೊಂಡು ಹೋಗಬಾರದು. ಆದರೆ ಡಿಒಎಲ್ ಮೋಟಾರ್ ಬ್ಲಾಕಿನಲ್ಲಿ ಗುಟ್ಟು ಏನಿದೆ? ನಿಮ್ಮದೇ ಆದ ಡೋಸಿಂಗ್ ಲೆಕ್ಕ ಇದ್ದರೆ ಅದಕ್ಕೆ ಮಾತ್ರ ಬೀಗ ಹಾಕಿ. ಸೀಮೆನ್ಸ್‌ನ ನೋ-ಹೌ ಪ್ರೊಟೆಕ್ಷನ್ ಪಾಸ್‌ವರ್ಡ್ ಕಳೆದರೆ ಮರಳಿ ಪಡೆಯಲು ದಾರಿ ಇಲ್ಲ ಅನ್ನೋದನ್ನೂ ಅವರಿಗೆ ಹೇಳಿ. ಬೀಗ ಹಾಕಿದ ಮೋಟಾರ್ ಬ್ಲಾಕ್ ಎದುರು ನಿಂತ ಎಲೆಕ್ಟ್ರಿಷಿಯನ್ ಏನು ಮಾಡುತ್ತಾರೆ ಅಂತ ನಾನು ಹಲವು ಪ್ಯಾನೆಲ್‌ಗಳಲ್ಲಿ ನೋಡಿದ್ದೇನೆ. ಬಾವಿ ತುಂಬುತ್ತಿರುತ್ತೆ, ಫೋನ್ ಎತ್ತುವವರಿಲ್ಲ. ಅವರು ಟರ್ಮಿನಲ್‌ನಲ್ಲಿ ಒಂದು ತುಂಡು ವೈರ್ ಲೂಪ್ ಹಾಕಿ ಫೀಡ್‌ಬ್ಯಾಕನ್ನು ಶಾಶ್ವತವಾಗಿ ಓಕೆ ಮಾಡಿಬಿಡುತ್ತಾರೆ. ಅಲ್ಲಿಗೆ ನಿಮ್ಮ ಅಲಾರಾಂ ಮತ್ತೆ ಸತ್ತ ಹಾಗೆ.

ಹಾಗಾಗಿ ಬ್ಲಾಕ್ ತೆರೆದಿಡಿ, ಕಮೆಂಟ್ ಬರೆದಿಡಿ. ಫಾಲ್ಟ್ ಕೋಡ್‌ಗಳನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿ, ಲ್ಯಾಮಿನೇಟ್ ಮಾಡಿಸಿ, ಪ್ಯಾನೆಲ್ ಬಾಗಿಲಿನ ಒಳಗೆ ಅಂಟಿಸಿ. "ಕೋಡ್ 2: ಕಮಾಂಡ್ ಹೋಗಿದೆ, ಕಾಂಟ್ಯಾಕ್ಟರ್ ಎಳೆದಿಲ್ಲ. ಮೊದಲು ಕಂಟ್ರೋಲ್ ಎಂಸಿಬಿ ನೋಡಿ, ಆಮೇಲೆ ಕಾಯಿಲ್‌ನ ಎ1, ಎ2 ನಡುವೆ ವೋಲ್ಟೇಜ್ ನೋಡಿ, ಕೊನೆಗೆ 13, 14ರ ಫೀಡ್‌ಬ್ಯಾಕ್ ವೈರ್ ನೋಡಿ." ಹೀಗೆ ಒಂದೊಂದು ಕೋಡಿಗೂ ಎರಡು ಸಾಲು.